ಬಿಸಿಲಿಗಿಟ್ಟ ಶೆಲ್ಲೂ ಲ್ಯಾಪ್‌ಟಾಪಿನ ಬ್ಯಾಟರಿಯೂ

ಟಾರ್ಚಿನ ಬೆಳಕು ಮಂದವಾದಾಗ ಶೆಲ್ಲುಗಳನ್ನು ತೆಗೆದು ಮಾಳಿಗೆಯ ಮೇಲೆ ಬಿಸಿಲಿಗಿಡುವುದು ನಮ್ಮ ಸೀಮೆಯ ಹಳೆಯ ರೂಢಿ. ಅದರಿಂದ ತುಸು ಹೊತ್ತಿನ ಬೆಳಕು ಹೆಚ್ಚಿಗೆ ಸಿಗುತ್ತಿದ್ದುದು ಸುಳ್ಳಲ್ಲ. ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತಿತ್ತು. ಆದರೆ ಲ್ಯಾಪ್‌ಟಾಪಿನ ಬ್ಯಾಟರಿಗೆ ಅದೇ ಉಪಚಾರ ಮಾಡಿದರೆ ಅಪಾಯ ತಪ್ಪದು. ಅದಕ್ಕಾಗಿ ಪಾಲಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಈ ನಾಲ್ಕು ಮಾತು.

ಕನ್ನಡ ಕಲಿಸುವವರಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಿಯಾರು. ಬಾಲಗಾಂವದಂಥ ಊರಿಗೆ ಬರುವ ಲ್ಯಾಪ್‌ಟಾಪುಗಳಲ್ಲಿ ಒಬ್ಬರು ಬಳಸಿ ಬಿಟ್ಟವೂ ಇರುತ್ತವೆ. ಹೊಸದರ ಸೂಚನಾಪತ್ರ ಇಂಗ್ಲಿಷಿನಲ್ಲಿ. ಹಳೆಯದಕ್ಕೆ ಅದೂ ಇಲ್ಲ. ಅಜ್ಜಿಗೂ ತಿಳಿಯುವಂತೆ ಅದನ್ನು ಹೇಳುವುದು ಭಾಷೆಯ ಕೆಲಸವೇ ಎಂದು ನಾವು ಭಾವಿಸುತ್ತೇವೆ.

ಲಿಥಿಯಂ ಎಲ್ಲ ಲೋಹಗಳಿಗಿಂತ ಹಗುರವಾದುದು. ಮಂಡ್ಯ ಜಿಲ್ಲೆಯ ಬಂಡೆಗಳಲ್ಲಿಯೂ ಅದರ ಸುಳಿವು ಸಿಕ್ಕಿದೆ. ಲಿಥಿಯಂ ಅಯಾನು ಬ್ಯಾಟರಿಯನ್ನು ಮೊದಲು ಮಾರಾಟಕ್ಕೆ ತಂದುದು ಜಪಾನಿನ ಸೋನಿ ಕಂಪನಿ, ೧೯೯೧ರಲ್ಲಿ. ಇದರ ಕೋಶದಲ್ಲಿ ಒಂದು ಬದಿಗೆ ಗ್ರಾಫೈಟು, ಇನ್ನೊಂದು ಬದಿಗೆ ಕೋಬಾಲ್ಟ್ ಮುಂತಾದ ಲೋಹಗಳ ಆಕ್ಸೈಡು, ನಡುವೆ ತೆಳುವಾದ ಪ್ಲಾಸ್ಟಿಕ್ ಪರದೆ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನೊಳಗೆ ಸೇರುತ್ತವೆ. ಬಳಸುವಾಗ ಆಕ್ಸೈಡಿನ ಕಡೆಗೆ ಮರಳುತ್ತವೆ. ಅವು ಸಂಚರಿಸುವ ದ್ರವ ನೀರಲ್ಲ, ಬೆಂಕಿ ಹತ್ತುವಂಥದು. ಪರದೆ ಕೆಟ್ಟು ಎರಡೂ ಬದಿ ಕೂಡಿದರೆ ಕಾವು ಏರುತ್ತಲೇ ಹೋಗುತ್ತದೆ. ೨೦೦೬ರಲ್ಲಿ ಡೆಲ್ ಕಂಪನಿಯು ಸೋನಿಯ ಕೋಶಗಳಿದ್ದ ೪೧ ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಈ ಬೆಂಕಿಯ ಭಯಕ್ಕೇ.

ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜು ಮಾಡಬೇಕೆಂಬ ಇನ್ನೊಂದು ಮಾತುಂಟು. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ ಬ್ಯಾಟರಿಗೆ ಪೂರ್ತಿ ಬರಿದಾಗುವುದೂ ಹಿತವಲ್ಲ, ಸದಾ ತುಂಬಿ ತುಳುಕುವುದೂ ಹಿತವಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಸಿಕ್ಕಾಗ ಸಿಕ್ಕಷ್ಟು ಚಾರ್ಜು ಮಾಡಿಕೊಂಡರೆ ಅದಕ್ಕೇನೂ ಕೇಡಿಲ್ಲ. ಕೇಡು ಇರುವುದು ಬಿಸಿಲಿನಲ್ಲಿ. ಜತ್ತ ತಾಲೂಕಿನ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಪತ್ರಾದ ಮಾಡಿನ ಕೆಳಗೆ ಕೌದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಚಾರ್ಜಿಗೆ ಹಚ್ಚಿದರೆ ಅದರ ಕಾವು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಮಣೆಯೊಂದನ್ನು ಕೆಳಗಿಟ್ಟರೆ ಸಾಕು, ಖರ್ಚೇನೂ ಇಲ್ಲ.

ಬ್ಯಾಟರಿ ಉಬ್ಬಿದರೆ ಒಳಗೆ ಅನಿಲ ಕಟ್ಟಿದೆ ಎಂದು ತಿಳಿಯಬೇಕು. ಕೂಡಲೇ ಚಾರ್ಜರ್ ತೆಗೆದು, ಯಂತ್ರ ನಿಲ್ಲಿಸಿ, ಬಲ್ಲವರಿಂದ ಅದನ್ನು ತೆಗೆಸಬೇಕು. ಒತ್ತಬಾರದು, ಚುಚ್ಚಬಾರದು. ನಮಗೆ ಹೆಚ್ಚಿನ ಚಿಂತೆ ಹುಡುಗರದೇ. ಒಳಗೆ ಏನಿದೆ ನೋಡೋಣವೆಂಬ ಅವರ ಕುತೂಹಲ ಒಳ್ಳೆಯದು, ಆದರೆ ಈ ಕೋಶದ ಮೇಲೆ ಮೊಳೆ, ಸುತ್ತಿಗೆ ನಡೆಸಿದರೆ ಕೈ, ಮುಖ ಸುಟ್ಟಾವು.

ಹಳೆಯ ಬ್ಯಾಟರಿಗಳನ್ನು ತಯಾರಕರೇ ಮರಳಿ ಸಂಗ್ರಹಿಸಬೇಕೆಂದು ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಹಳ್ಳಿಯಲ್ಲಿ ಅದು ತಿಪ್ಪೆಗೋ ಮೋಡಕಾದವನ ಚೀಲಕ್ಕೋ ಹೋಗುತ್ತದೆ. ಪ್ರತಿ ಶಾಲೆಯಲ್ಲಿ ಒಣ ಮರಳು ತುಂಬಿದ ತಗಡಿನ ಡಬ್ಬಿಯೊಂದನ್ನು ಕೋಣೆಯ ಹೊರಗೆ, ನೆರಳಿನಲ್ಲಿ ಇಡಬೇಕೆಂಬುದು ನಮ್ಮ ಸೂಚನೆ. ಬ್ಯಾಟರಿಯ ತುದಿಗಳಿಗೆ ಅಂಟುಪಟ್ಟಿ ಸುತ್ತಿ ಅದರಲ್ಲಿಟ್ಟರೆ, ಜತ್ತಕ್ಕೋ ವಿಜಯಪುರಕ್ಕೋ ಹೋಗುವವರು ಲ್ಯಾಪ್‌ಟಾಪ್ ಮಾರುವ ಅಂಗಡಿಯಲ್ಲಿ ವಿಚಾರಿಸಿ ಒಪ್ಪಿಸಬಹುದು.