ಗ್ರಂಥಾಲಯದ ಪಾಠ: ಉಳಿದುದೇನು, ಅಳೆಯುವುದೆಂತು?

ವಿಶ್ವವಿದ್ಯಾಲಯಗಳಿಗೆ ಹೊಸ ವಿದ್ಯಾರ್ಥಿಗಳು ಬಂದೊಡನೆ ಅವರನ್ನು ಗ್ರಂಥಾಲಯಕ್ಕೆ ಕರೆದೊಯ್ದು, ಪುಸ್ತಕಗಳನ್ನು ಜೋಡಿಸಿರುವ ಕ್ರಮವೇನು, ಗ್ರಂಥಸೂಚಿಯನ್ನು ನೋಡುವ ಬಗೆ ಹೇಗೆ, ನಿಯತಕಾಲಿಕಗಳ ರಾಶಿಯಲ್ಲಿ ಬೇಕಾದ ಲೇಖನವನ್ನು ಹುಡುಕುವುದೆಂತು ಎಂಬುದನ್ನು ತಿಳಿಸಿಕೊಡುವ ಪದ್ಧತಿಯುಂಟು. ಕೆಲವೆಡೆ ಅದು ಒಂದು ಗಂಟೆಯ ಸುತ್ತಾಟ. ಕೆಲವೆಡೆ ವರ್ಷಾರ್ಧದ ಕ್ರಮಬದ್ಧ ಪಾಠ. ಪಾಠ ಮುಗಿದ ದಿನ ಹಾಜರಿಪಟ್ಟಿ ತುಂಬುತ್ತದೆ. ಹತ್ತು ಪ್ರಶ್ನೆಗಳ ಸಣ್ಣದೊಂದು ಪರೀಕ್ಷೆಯೂ ನಡೆದೀತು. ಆದರೆ ಐದು ವರ್ಷಗಳ ಬಳಿಕ ಆ ಪಾಠದಿಂದ ಆ ವಿದ್ಯಾರ್ಥಿಯಲ್ಲಿ ಉಳಿದುದೇನು ಎಂದು ಕೇಳುವವರು ವಿರಳ. ಶ್ರೀಮಠದ ಆಶ್ರಯದಲ್ಲಿ ನಡೆಯುತ್ತಿರುವ ನಮ್ಮ ಶಾಲೆಯ ಈ ಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕರು ಹೇಳಿದಾಗ, ಈ ಪಂಡಿತ ಹಳಗನ್ನಡದ ಯಾವುದಾದರೊಂದು ಕಾವ್ಯವನ್ನು ಕುರಿತು ಬರೆದಾನೆಂದೇ ಅವರು ಎಣಿಸಿದ್ದಿರಬೇಕು. ಕಳೆದ ವರ್ಷ ನಡೆದ ಒಂದು ಸಂಗತಿ ನನ್ನ ಮನಸ್ಸನ್ನು ಬೇರೆ ಕಡೆಗೆ ಎಳೆದಿದೆ. ವಾಚಕರು ಮನ್ನಿಸಬೇಕು.

ಗ್ರಂಥಭಂಡಾರವೆಂಬುದು ನಮ್ಮ ಭಾಗಕ್ಕೆ ಹೊಸತಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಸಮೀಪದ ನಾಗಾವಿಯಲ್ಲಿ ಚಾಲುಕ್ಯರ ಕಾಲದ, ೧೦೫೮ನೆಯ ಇಸವಿಯ ಶಾಸನವೊಂದುಂಟು. ಅಲ್ಲಿಯ ಘಟಿಕಾಸ್ಥಾನದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮಾಡಿಕೊಟ್ಟ ಏರ್ಪಾಡುಗಳನ್ನು ಹೇಳುವಾಗ ಅದು ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಮರೆಯದೆ ಹೇಳುತ್ತದೆ. ಒಂದು ವಿದ್ಯಾಸ್ಥಾನಕ್ಕೆ ಆರು ಜನ ಗ್ರಂಥಪಾಲಕರು! ಒಬ್ಬ ಗ್ರಂಥಪಾಲಕನೂ ಇಲ್ಲದ ಪ್ರೌಢಶಾಲೆಗಳು ಎಷ್ಟೋ ಇರುವ ಈ ಕಾಲದಲ್ಲಿ ಆ ಶಾಸನವನ್ನು ಓದಿದರೆ ನಾವು ಮುಂದೆ ಬಂದಿದ್ದೇವೆಯೋ ಹಿಂದೆ ಸರಿದಿದ್ದೇವೆಯೋ ಎಂಬ ಸಂದೇಹ ಬರುವುದು ಸಹಜ. ಓಲೆಗರಿಯ ಕಟ್ಟುಗಳಲ್ಲಿ ಬೇಕಾದುದನ್ನು ಹುಡುಕುವ ಬಗೆಯನ್ನು ಅಂದಿನ ವಿದ್ಯಾರ್ಥಿ ಕಲಿತದ್ದು ಯಾರಿಂದ ಎಂಬುದನ್ನು ಶಾಸನ ಹೇಳುವುದಿಲ್ಲ. ಆ ಭಂಡಾರಿಗರ ಪಕ್ಕದಲ್ಲಿ ಕುಳಿತು ಕಲಿತಿರಬೇಕೆಂದು ನಾನು ಊಹಿಸುತ್ತೇನೆ.

ಇಂದು ಆ ಕಲಿಕೆಗೆ ಪಠ್ಯಕ್ರಮದ ರೂಪ ಬಂದಿದೆ. ೨೦೦೮ರಲ್ಲಿ ಸ್ಥಾಪಿತವಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ದೇವಸುಗೂರಿಗೆ ದೂರದ್ದೇನಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ದೇಶದ ಕೃಷಿ ವಿಶ್ವವಿದ್ಯಾಲಯಗಳಿಗೆ ರೂಪಿಸಿರುವ ಸ್ನಾತಕೋತ್ತರ ಪಠ್ಯಕ್ರಮದಲ್ಲಿ ‘ಗ್ರಂಥಾಲಯ ಮತ್ತು ಮಾಹಿತಿ ಸೇವೆಗಳು’ ಎಂಬ ಸಾಮಾನ್ಯ ವಿಷಯವೊಂದಿದೆ. ಅದರಲ್ಲಿ ಉಪನ್ಯಾಸವಿಲ್ಲ; ಎಲ್ಲವೂ ಪ್ರಾಯೋಗಿಕ. ಪುಸ್ತಕಗಳ ವರ್ಗೀಕರಣ, ಮೂಲ ಆಕರ ಮತ್ತು ಅನುಷಂಗಿಕ ಆಕರಗಳ ಭೇದ, ಸಾರಸಂಗ್ರಹಗಳ ಬಳಕೆ, ಹಿಂದಿನ ಸಂಶೋಧನೆಯ ಸಮೀಕ್ಷೆ, ಆಧಾರಗ್ರಂಥಗಳ ಪಟ್ಟಿಯನ್ನು ಸಿದ್ಧಪಡಿಸುವ ರೀತಿ ಇವೆಲ್ಲ ಅದರೊಳಗೆ ಬರುತ್ತವೆ. ಭತ್ತದ ರೋಗವನ್ನೋ ಮಣ್ಣಿನ ಸವುಳನ್ನೋ ಅಭ್ಯಾಸ ಮಾಡುವ ವಿದ್ಯಾರ್ಥಿಗೂ ಈ ವಿದ್ಯೆ ಬೇಕೆಂದು ತಿಳಿದವರು ತೀರ್ಮಾನಿಸಿದ್ದಾರೆ. ಇತರ ವಿಶ್ವವಿದ್ಯಾಲಯಗಳಲ್ಲಿಯೂ ಸಂಶೋಧನೆಗೆ ಮೊದಲಿನ ವ್ಯಾಸಂಗದಲ್ಲಿ ಸಂಶೋಧನೆಯ ನೀತಿಯನ್ನು ಕುರಿತ ಪಾಠವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೧೯ರ ಕೊನೆಯಲ್ಲಿ ಕಡ್ಡಾಯ ಮಾಡಿತು. ಪಾಠವಿದೆ, ಅದರ ಫಲವನ್ನು ಕಾಣುವ ಬಗೆಯೇ ಪ್ರಶ್ನೆ.

ಇನ್ನು ನಡೆದ ಸಂಗತಿ. ನಮ್ಮ ಶಾಲೆಯಲ್ಲಿ ಪ್ರತಿವರ್ಷ ಪ್ರಬಂಧ ಸ್ಪರ್ಧೆ ನಡೆಯುತ್ತದೆ. ಕಳೆದ ವರ್ಷದ ವಿಷಯ ‘ನಮ್ಮ ಜಿಲ್ಲೆಯ ಪ್ರಾಚೀನತೆ’. ಬಂದ ಪ್ರಬಂಧಗಳಲ್ಲಿ ಬಹುಪಾಲು ಮಸ್ಕಿಯ ಶಾಸನವನ್ನೇ ಹಿಡಿದಿದ್ದವು. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಅದನ್ನು ಕಂಡುಹಿಡಿದನೆಂದೂ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದರಿಂದ ಸ್ಥಿರವಾಯಿತೆಂದೂ ಮಕ್ಕಳು ಬರೆದಿದ್ದರು. ಇದು ಸರಿಯೇ. ಜೊತೆಗೆ, ಅಶೋಕನ ಹೆಸರಿರುವ ಶಾಸನ ದೇಶದಲ್ಲಿ ಇದೊಂದೇ ಎಂದೂ ಎಲ್ಲರೂ ಬರೆದಿದ್ದರು. ನಾನು ತರಗತಿಯಲ್ಲಿ ಹೇಳಿದ್ದು ಅದೇ. ನನ್ನ ಗುರುಗಳು ನನಗೆ ಹೇಳಿದ್ದೂ ಅದೇ. ಮಾನ್ವಿ ಕಡೆಯ ಒಬ್ಬ ಹುಡುಗಿಯ ಪ್ರಬಂಧ ಭಾಷೆಯಲ್ಲಿ ಸೊಗಸಾಗಿದ್ದುದರಿಂದ ಅದಕ್ಕೆ ಪ್ರಥಮ ಸ್ಥಾನವನ್ನು ಗುರುತುಮಾಡಿಟ್ಟಿದ್ದೆ.

ಅಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ದೇವದುರ್ಗ ತಾಲ್ಲೂಕಿನ ಒಕ್ಕಲು ಮನೆತನದ ಹುಡುಗ. ಮಣ್ಣಿನ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು ನಾಲ್ಕು ವರ್ಷಗಳಾಗಿದ್ದವು. ಪ್ರಬಂಧಗಳನ್ನು ತಿರುವಿಹಾಕುತ್ತ ಕುಳಿತಿದ್ದವನು, “ಗುರುಗಳೇ, ಇದು ಯಾವ ಪುಸ್ತಕದಾಗ ಐತ್ರೀ? ಆ ಪುಸ್ತಕ ಯಾವ ವರ್ಷದ್ದರೀ?” ಎಂದು ಕೇಳಿದ. “ಯಾಕಪ್ಪಾ, ಊರಿಗೆಲ್ಲ ಗೊತ್ತಿರೋ ಮಾತದು” ಎಂದೆ. ಅವನು ವಾದ ಮಾಡಲಿಲ್ಲ. ಹತ್ತು ದಿನಗಳ ಬಳಿಕ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದ. ಮಸ್ಕಿಯ ಶಾಸನವನ್ನು ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಸಂಚಿಕೆಯಾಗಿ ೧೯೧೫ರಲ್ಲಿಯೇ ಪ್ರಕಟಿಸಿದರು. ಅಂದಿಗೆ ಅಶೋಕನ ಹೆಸರಿದ್ದ ಶಾಸನ ಅದೊಂದೇ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ತುಂಗಭದ್ರೆಯನ್ನು ದಾಟಿದರೆ ಸಿಗುವ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರಿನ ಶಾಸನಗಳು ದೊರೆತಿವೆ. ಒಂದು ಕಾಲಕ್ಕೆ ನಿಜವಾಗಿದ್ದ ಮಾತನ್ನು ನಾನು ಇಷ್ಟು ವರ್ಷ ಮಕ್ಕಳಿಗೆ ಈ ಹೊತ್ತಿನ ನಿಜವೆಂದು ಹೇಳಿಕೊಂಡು ಬಂದಿದ್ದೆ. ನಿಟ್ಟೂರೇನು ಕಾಶಿಯಲ್ಲ, ಪಕ್ಕದ ಜಿಲ್ಲೆ.

ಮಣ್ಣನ್ನು ಓದಿದ ಹುಡುಗನಿಗೆ ಶಾಸನದ ಗೊಡವೆ ಹೇಗೆ ಹತ್ತಿತೆಂದು ಕೇಳಿದೆ. ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯದ ಪಾಠ ಆಗಿತ್ತು. ವರ್ಗೀಕರಣದ ಅಂಕೆಗಳು ಒಂದೂ ನೆನಪಿಲ್ಲ. ಆಗ ಕಲಿಸಿದ ಗಣಕಯಂತ್ರದ ಪುಟಗಳು ಈಗ ಆ ರೂಪದಲ್ಲಿಯೇ ಇಲ್ಲ. ಆದರೆ ಏನನ್ನು ಬರೆದುಕೊಂಡರೂ ಅದರ ಮುಂದೆ ಪ್ರಕಟವಾದ ವರ್ಷವನ್ನು ಬರೆಯಿಸುತ್ತಿದ್ದರು, ಆ ಚಾಳಿ ಮಾತ್ರ ಹೋಗಿಲ್ಲ ಎಂದ.

ಈ ಉತ್ತರವನ್ನು ನಾನು ಹಲವು ದಿನ ಮೆಲುಕು ಹಾಕಿದ್ದೇನೆ. ಪಾಠ ಮುಗಿದ ದಿನದ ಪರೀಕ್ಷೆಯಲ್ಲಿ ಕೇಳಿರಬಹುದಾದುದೆಲ್ಲ ಅವನಿಗೆ ಮರೆತಿದೆ. ಕನ್ನಡ ಸಾಹಿತ್ಯಕ್ಕೆ ಡ್ಯೂಯಿ ಪದ್ಧತಿಯಲ್ಲಿ ೮೯೪.೮೧೪ ಎಂಬ ಅಂಕೆಯಿದೆ. ಅದನ್ನು ಹೇಳು ಎಂದು ಇಂದು ಕೇಳಿದರೆ ಆ ಹುಡುಗನಿಗೆ ಸೊನ್ನೆ. ಪ್ರಶ್ನಪತ್ರಿಕೆಯಲ್ಲಿ ಎಂದೂ ಬಾರದ ಅಭ್ಯಾಸವೊಂದು ಮಾತ್ರ ಉಳಿದು, ನಾಲ್ಕು ವರ್ಷಗಳ ಬಳಿಕ, ತನ್ನದಲ್ಲದ ವಿಷಯದಲ್ಲಿ, ಅಂಕಗಳ ಆಸೆಯಿಲ್ಲದೆ ಕೆಲಸ ಮಾಡಿತು. ಹಾಗಿದ್ದಮೇಲೆ ನಾವು ಅಳೆಯುತ್ತಿರುವುದು ಏನನ್ನು? ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಮೊದಲ ದಿನದೊಳಗೇ ಬಹುಭಾಗ ಮರೆತುಹೋಗುವುದನ್ನು ೧೮೮೫ರಲ್ಲಿ ತೋರಿಸಿದನು. ಅಂಕೆಗಳ ಪಾಠಕ್ಕೆ ಈ ಗತಿ ತಪ್ಪದು. ಪಾಠದ ಸಂಜೆಯ ಪರೀಕ್ಷೆಯೆಂದರೆ ಮರೆವಿಗೆ ಮೊದಲು ತೆಗೆದ ಚಿತ್ರ.

ಅಮೆರಿಕೆಯ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬುವರು ೧೯೫೯ರಲ್ಲಿ ಶಿಕ್ಷಣದ ಫಲವನ್ನು ನಾಲ್ಕು ಮೆಟ್ಟಿಲುಗಳಲ್ಲಿ ನೋಡಬೇಕೆಂದರು: ಕಲಿತವನಿಗೆ ಹಿಡಿಸಿತೆ, ತಿಳಿಯಿತೆ, ನಡತೆಯಲ್ಲಿ ಬಂದಿತೆ, ಅದರಿಂದ ಕೆಲಸ ಸುಧಾರಿಸಿತೆ. ನಮ್ಮ ಅಳತೆ ಸಾಮಾನ್ಯವಾಗಿ ಎರಡನೆಯ ಮೆಟ್ಟಿಲಲ್ಲಿ ಕೂತುಬಿಡುತ್ತದೆ. ಎಷ್ಟೋ ಕಡೆ ಮೊದಲನೆಯದರಲ್ಲಿಯೇ. ‘ಪಾಠ ಚೆನ್ನಾಗಿತ್ತು’ ಎಂದು ವಿದ್ಯಾರ್ಥಿಗಳು ನಮೂನೆಯಲ್ಲಿ ಬರೆದುಕೊಟ್ಟರೆ ಅದೇ ವರದಿ. ನಮ್ಮೂರಿನವರಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಶಕ್ತಿನಗರದ ವಿದ್ಯುತ್ ಸ್ಥಾವರದ ಮೊದಲ ಘಟಕ ೧೯೮೫ರಲ್ಲಿ ಆರಂಭವಾಯಿತು. ಅಲ್ಲಿಂದ ಹೊರಟ ವಿದ್ಯುತ್ತನ್ನು ಅಲ್ಲಿಯ ಮಾಪಕ ಅಳೆಯುತ್ತದೆ. ಯಾವುದೋ ತಾಂಡಾದ ಕೊನೆಯ ಮನೆಯಲ್ಲಿ ದೀಪ ಹತ್ತಿತೋ ಇಲ್ಲವೋ ತಿಳಿಯಬೇಕಾದರೆ ಆ ಮನೆಗೇ ಹೋಗಬೇಕು.

ಹಾಗೆ ಹೋಗುವುದು ಸುಲಭವಲ್ಲವೆಂಬುದನ್ನು ಒಪ್ಪುತ್ತೇನೆ. ನನ್ನ ಶಿಷ್ಯನೊಬ್ಬನ ಕಥೆಯಿಂದ ಸಿದ್ಧಾಂತ ಮಾಡಲಾಗದು. ಅವನು ನಮ್ಮ ಶಾಲೆಯಲ್ಲಿದ್ದಾಗಲೇ ಪ್ರಶ್ನೆ ಕೇಳುವ ಸ್ವಭಾವದವನು. ಗ್ರಂಥಾಲಯದ ಪಾಠವಿಲ್ಲದಿದ್ದರೂ ಹಾಗೆಯೇ ಆಗುತ್ತಿದ್ದನೋ ಏನೋ. ಅವನ ಸಂಶೋಧನೆಯ ಮಾರ್ಗದರ್ಶಕರ ಶಿಸ್ತೂ ಅದರಲ್ಲಿ ಸೇರಿರಬಹುದು. ಅದೇ ಪಾಠವನ್ನು ಕೇಳಿ, ಪರೀಕ್ಷೆಯಲ್ಲಿ ತನಗಿಂತ ಹೆಚ್ಚು ಅಂಕ ಪಡೆದ ಗೆಳೆಯನೊಬ್ಬ ಈಗ ಮೊಬೈಲಿಗೆ ಬಂದುದನ್ನೆಲ್ಲ ನಂಬಿ ಮುಂದಕ್ಕೆ ಕಳಿಸುತ್ತಾನೆಂದು ಅವನೇ ನಕ್ಕು ಹೇಳಿದ. ಐದು ವರ್ಷಗಳ ಬಳಿಕ ಪತ್ರ ಬರೆದು ಕೇಳಿದರೆ ಉತ್ತರ ಕೊಡುವವರು ಸಾಮಾನ್ಯವಾಗಿ ನೆಟ್ಟಗಾದವರೇ. ದಾರಿ ತಪ್ಪಿದವರು ಬರೆಯುವುದಿಲ್ಲ. ಇನ್ನು ‘ನಿಮಗೆ ಹುಡುಕಲು ಬರುತ್ತದೆಯೆ?’ ಎಂದು ಅವರನ್ನೇ ಕೇಳುವುದು ವ್ಯರ್ಥ. ಈಜು ಬರುತ್ತದೆಯೆ ಎಂದು ದಂಡೆಯ ಮೇಲೆ ಕೇಳಿದರೆ ಬಾರದೆನ್ನುವ ಹುಡುಗ ಕೃಷ್ಣೆಯ ದಡದ ನಮ್ಮೂರಿನಲ್ಲಿ ಒಬ್ಬನೂ ಸಿಗಲಾರ.

ಆದರೂ ದಾರಿಗಳಿವೆ. ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ‘ಶೋಧಗಂಗಾ’ದಲ್ಲಿ, ಕೃಷಿ ಪ್ರಬಂಧಗಳನ್ನು ‘ಕೃಷಿಕೋಶ’ದಲ್ಲಿ ಈಗ ಯಾರು ಬೇಕಾದರೂ ಕಾಣಬಹುದು. ಪ್ರತಿಯೊಂದರ ಕೊನೆಯಲ್ಲಿಯೂ ಆಧಾರಗ್ರಂಥಗಳ ಪಟ್ಟಿಯಿದೆ. ಪಾಠವನ್ನು ಕ್ರಮವಾಗಿ ಕೇಳಿದ ತಂಡದವರ ಪಟ್ಟಿಗಳನ್ನೂ ಕೇಳದವರ ಪಟ್ಟಿಗಳನ್ನೂ ಎದುರುಬದುರು ಇಟ್ಟು ನೋಡಲಿ. ಮೂಲವನ್ನು ಕಂಡು ಬರೆದವರೆಷ್ಟು, ಇನ್ನೊಬ್ಬರ ಪಟ್ಟಿಯಿಂದ ಎತ್ತಿದವರೆಷ್ಟು ಎಂಬುದು ಗುಟ್ಟಾಗಿ ಉಳಿಯಲಾರದು. ಎತ್ತಿದವನು ಅಚ್ಚಿನ ತಪ್ಪನ್ನೂ ಎತ್ತಿರುತ್ತಾನೆ. ಹಸ್ತಪ್ರತಿಗಳ ಪೀಳಿಗೆಯನ್ನು ನಾವು ಗ್ರಂಥಸಂಪಾದನೆಯಲ್ಲಿ ಗುರುತಿಸುವುದು ಹೀಗೆಯೇ. ಈಚಿನ ವರ್ಷಗಳಲ್ಲಿ ಈ ಪರೀಕ್ಷೆಗೆ ಇನ್ನೊಂದು ಅವಶ್ಯಕತೆಯೂ ಬಂದಿದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರಬುದ್ಧಿಯು ಎಂದೂ ಅಚ್ಚಾಗದ ಪುಸ್ತಕಕ್ಕೂ ಕರ್ತೃ, ವರ್ಷ, ಪುಟಗಳನ್ನು ಕಟ್ಟಿಕೊಡುವುದುಂಟು. ಅಂಥ ಹೆಸರನ್ನು ತನ್ನ ಪಟ್ಟಿಯಿಂದ ಹೊಡೆದುಹಾಕಬಲ್ಲವನಿಗೆ ಗ್ರಂಥಾಲಯದ ಪಾಠ ಉಳಿದಿದೆ. ಬಲ್ಲವನೋ ಅಲ್ಲವೋ ಎಂಬುದನ್ನು ಎಣಿಸಿಯೇ ಹೇಳಬಹುದು. ಪದವಿ ಮುಗಿಸಿ ಮೂರು ನಾಲ್ಕು ವರ್ಷಗಳಾದವರಲ್ಲಿ ಕೆಲವರನ್ನು ಕರೆಸಿ, ಅವರ ವಿಷಯಕ್ಕೆ ಸಂಬಂಧಿಸದ ನಿಜವಾದ ಪ್ರಶ್ನೆಯೊಂದನ್ನು ಕೊಟ್ಟು, ಉತ್ತರವನ್ನಲ್ಲ, ಹುಡುಕಿದ ದಾರಿಯನ್ನು ನೋಡುವುದು ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಖರ್ಚು ಹೆಚ್ಚಾದೀತು. ಎಲ್ಲರನ್ನೂ ಕರೆಸಬೇಕಾಗಿಲ್ಲ, ಅನ್ನವಾಯಿತೆ ಎಂದು ನೋಡಲು ಎಲ್ಲ ಅಗುಳನ್ನೂ ಹಿಸುಕುವುದಿಲ್ಲ.

ಒಂದು ಗಂಟೆಯ ಸುತ್ತಾಟದಿಂದ ಇದಾವುದೂ ಆಗದೆಂಬುದು ಪಶ್ಚಿಮದವರಿಗೂ ಹಿಂದೆಯೇ ತಿಳಿದಿತ್ತು. ಡೆಟ್ರಾಯಿಟ್ ನಗರದ ಮಾಂಟೀತ್ ಕಾಲೇಜಿನಲ್ಲಿ ಪ್ಯಾಟ್ರಿಷಿಯ ನ್ಯಾಪ್ ಎಂಬ ಗ್ರಂಥಪಾಲಕಿ ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಗ್ರಂಥಾಲಯದ ಅಭ್ಯಾಸವನ್ನು ತರಗತಿಯ ಪಾಠಗಳೊಡನೆಯೇ ಹೆಣೆಯುವ ಪ್ರಯೋಗ ನಡೆಸಿದರು. ನಾಗಾವಿಯ ಭಂಡಾರಿಗರಿಗೆ ಇದನ್ನು ಹೇಳಿದ್ದರೆ ಅವರು ಆಶ್ಚರ್ಯಪಡುತ್ತಿರಲಿಲ್ಲ.

ಈ ಮಾತುಗಳನ್ನು ಬರೆಯುವ ನನಗೆ ಈ ವಿದ್ಯೆಯನ್ನು ಯಾರೂ ಕಲಿಸಲಿಲ್ಲ. ನಮ್ಮ ಕಾಲದ ವಿದ್ವತ್ ವ್ಯಾಸಂಗವೆಂದರೆ ಧಾರಣೆ. ಸೂತ್ರ, ಪ್ರಯೋಗ, ಪದ್ಯಗಳು ಕಂಠದಲ್ಲಿರಬೇಕು. ಪುಸ್ತಕ ನೋಡಿ ಹೇಳುವವನನ್ನು ಕಂಡರೆ ನಮಗೆ ಸಸಾರ. ಮೊದಲ ಬಾರಿಗೆ ದೊಡ್ಡ ಗ್ರಂಥಾಲಯವೊಂದಕ್ಕೆ ಹೋದಾಗ ಸೂಚಿಪತ್ರಗಳ ಮರದ ಸೆಳೆಪೆಟ್ಟಿಗೆಗಳ ಮುಂದೆ ಅರ್ಧ ಗಂಟೆ ನಿಂತು, ಕೇಳಲು ನಾಚಿ, ಪುಸ್ತಕ ತೆಗೆಯದೆಯೇ ಹಿಂದಿರುಗಿದ್ದೆ. ಕಂಠಪಾಠವನ್ನು ನಾನು ಇಂದಿಗೂ ಹಳಿಯುವುದಿಲ್ಲ. ತಲೆಯಲ್ಲಿ ಏನೂ ಇಲ್ಲದವನಿಗೆ ಹುಡುಕಬೇಕಾದುದು ಯಾವುದೆಂಬುದೇ ಹೊಳೆಯುವುದಿಲ್ಲ. ಆದರೆ ಕಂಠದಲ್ಲಿರುವ ಮಾತಿಗೆ ವರ್ಷ ಅಂಟಿಕೊಂಡಿರುವುದಿಲ್ಲ. ಮಸ್ಕಿಯ ವಿಷಯದಲ್ಲಿ ನಾನು ಎಡವಿದ್ದು ಅಲ್ಲಿಯೇ. ಇಂದಿನ ಮಕ್ಕಳ ಪಾಡು ಇದಕ್ಕೆ ತಿರುವುಮುರುವು. ‘ಕ್ಷಮೆ’ ಎಂಬ ಶಬ್ದವನ್ನು ಕಿಟ್ಟೆಲ್ಲರ ನಿಘಂಟಿನಲ್ಲಿ ಳಕಾರವೆಲ್ಲ ಮುಗಿದಮೇಲೆ ಹುಡುಕಿ, ಇಲ್ಲವೆಂದು ಮುಚ್ಚಿಡುತ್ತಾರೆ. ಅದು ಕಕಾರದೊಳಗೇ ಇರುತ್ತದೆ. ಈ ಪಾಠ ವಿಶ್ವವಿದ್ಯಾಲಯದಲ್ಲಿ ಮೊದಲಾಗುವಂತಿದ್ದರೆ ತಡವಾಯಿತೆಂದೇ ನನ್ನ ಮತ. ಪ್ರೌಢಶಾಲೆಯ ಎಂಟನೆಯ ತರಗತಿಯಿಂದಲೇ ಅದು ಬರಬೇಕು.

ಪ್ರಬಂಧದ ಬಹುಮಾನವನ್ನು ನಾನು ಬದಲಿಸಲಿಲ್ಲ. ತಪ್ಪು ಆ ಹುಡುಗಿಯದಲ್ಲ, ನನ್ನದು. ಅವಳನ್ನು ಕರೆದು ನಿಟ್ಟೂರು, ಉಡೇಗೋಳ, ಗುಜರ್ರಾಗಳ ಸಂಗತಿಯನ್ನು ಹೇಳಿದೆ. ಬೇಸರಪಟ್ಟಾಳೆಂದುಕೊಂಡಿದ್ದೆ; “ಹಂಗಾದ್ರ ಯಾವ ಪುಸ್ತಕ ನೋಡ್ಬೇಕ್ರೀ ಸರ್?” ಎಂದು ಕೇಳಿದಳು. ಶಾಲೆಯ ಪುಸ್ತಕಗಳ ಕಪಾಟು ಪಕ್ಕದ ಕೋಣೆಯಲ್ಲಿಯೇ ಇತ್ತು. ಅದರ ಬೀಗದ ಕೈ ಆರು ತಿಂಗಳಿಂದ ನನ್ನ ಮೇಜಿನ ಒಳಗಿತ್ತು. ಅಂದಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಕಪಾಟು ತೆರೆದಿರುತ್ತದೆ. ಯಾರು ಏನನ್ನು ಹುಡುಕಲು ಬಂದರು, ಹೇಗೆ ಹುಡುಕಿದರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಹೆಸರಿನ ಮುಂದೆ ಮನೆಯ ವಿಳಾಸವನ್ನೂ ಬರೆಯಿಸಿಕೊಳ್ಳುತ್ತೇನೆ, ಐದು ವರ್ಷಗಳಾದಮೇಲೆ ಪತ್ರ ಹಾಕುವುದಕ್ಕೆ. ಮೊದಲ ಹೆಸರು ಆ ಮಾನ್ವಿ ಕಡೆಯ ಹುಡುಗಿಯದು.