ಹೇಳಿಕೆಗಳ ಸುರಿಮಳೆ



2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ, ಮಳೆ ಸುರಿಯದಿದ್ದರೂ ಜನನಾಯಕರ ಹೇಳಿಕೆಗಳ ಸುರಿಮಳೆಗೆ ಕೊರತೆಯಾಗಲಿಲ್ಲವೆಂಬುದನ್ನು ಕೋಲಾರ ಸೀಮೆಯ ರೈತನಾದ ನಾನು ವಿಷಾದದಿಂದ ಸ್ಮರಿಸುತ್ತೇನೆ. ಪರಿಹಾರ ಬಂದಿಲ್ಲವೆಂದು ರಾಜ್ಯದವರೂ, ಮನವಿಯೇ ತಡವಾಯಿತೆಂದು ಕೇಂದ್ರದವರೂ ಪರಸ್ಪರ ದೋಷಾರೋಪಣೆ ಮಾಡುತ್ತಿರಲು, ವ್ಯಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, 2024ರ ಏಪ್ರಿಲಿನಲ್ಲಿ, ಕೇಳಿದ 18,171 ಕೋಟಿಗೆ ಪ್ರತಿಯಾಗಿ ಸುಮಾರು 3,454 ಕೋಟಿ ರೂಪಾಯಿ ಮಂಜೂರಾಗುವ ಹೊತ್ತಿಗೆ, ನಮ್ಮೂರಿನ ರಾಗಿಯ ಹೊಲಗಳು ಒಣಗಿ ತಿಂಗಳುಗಳೇ ಕಳೆದಿದ್ದುವು. ಇವರಲ್ಲಿ ಯಾರ ಮಾತು ಸತ್ಯವೋ ಅರಿಯೆ. ಅರಿತರೂ ಅದು ದನಕ್ಕೆ ಮೇವಾಗದು. ಮುಂದಿನ ಬರದಲ್ಲಾದರೂ, ಮನವಿ ಕಳುಹಿದ, ಕೇಂದ್ರದ ಬರ ಅಧ್ಯಯನ ತಂಡ ಬಂದ, ಹಣ ಹೊರಟ ದಿನಾಂಕಗಳನ್ನು ಪ್ರತಿ ತಾಲ್ಲೂಕು ಕಚೇರಿಯ ಗೋಡೆಗೆ ಹಚ್ಚಿಸಬೇಕೆಂದು ಉಭಯ ಸರ್ಕಾರಗಳನ್ನೂ ವಿನಯಪೂರ್ವಕವಾಗಿ ಬೇಡುತ್ತೇನೆ.

ಇತಿ,
ಓರ್ವ ಓದುಗ, ಕೋಲಾರ ಜಿಲ್ಲೆ