ದಾಳಿಯನ್ನು ತಪ್ಪಿಸಿದ ಒಪ್ಪಂದ

ಒಂದು ಸರ್ಕಾರ ತನ್ನದೇ ಪ್ರಜೆಗಳ ಮೇಲೆ ವಿಷಾನಿಲ ಪ್ರಯೋಗಿಸಿದಾಗ ಉಳಿದ ದೇಶಗಳು ಅದರ ಮೇಲೆ ಸೇನಾ ದಾಳಿ ನಡೆಸಬೇಕೇ, ಅಥವಾ ಆ ವಿಷವನ್ನು ಅದರ ಕೈಯಿಂದ ಬಿಡಿಸಿಕೊಳ್ಳಲು ಅದರೊಡನೆಯೇ ಮಾತುಕತೆಗೆ ಕೂರಬೇಕೇ ಎಂಬ ಪ್ರಶ್ನೆ 2013ರಲ್ಲಿ ಸಿರಿಯಾದ ಸಂದರ್ಭದಲ್ಲಿ ತನ್ನೆಲ್ಲ ತೊಡಕುಗಳೊಂದಿಗೆ ಎದುರಾಯಿತು. ಆ ವರ್ಷದ ಆಗಸ್ಟ್ 21ರ ನಸುಕಿನಲ್ಲಿ ರಾಜಧಾನಿ ಡಮಾಸ್ಕಸ್‌ಗೆ ಹೊಂದಿಕೊಂಡ, ಬಂಡುಕೋರರ ಹಿಡಿತದಲ್ಲಿದ್ದ ಘೌಟಾ ಪ್ರದೇಶದ ಮೇಲೆ ಸಾರಿನ್ ತುಂಬಿದ ರಾಕೆಟ್‌ಗಳು ಬಿದ್ದು, ಮಲಗಿದ್ದ ನೂರಾರು ಜನ, ಅವರಲ್ಲಿ ಅನೇಕ ಮಕ್ಕಳು, ಸತ್ತರು. ಸಾರಿನ್ ಎಂಬುದು ನರಗಳಿಗೂ ಸ್ನಾಯುಗಳಿಗೂ ನಡುವಿನ ಸಂದೇಶವನ್ನು ಹತೋಟಿಯಲ್ಲಿಡುವ ಕಿಣ್ವವನ್ನು ಕೆಡಿಸಿ, ಉಸಿರಾಟವನ್ನೇ ನಿಲ್ಲಿಸಿ ಕೊಲ್ಲುವ ವಿಷ.

ಇಂಥ ಪ್ರಯೋಗವನ್ನು ಸಹಿಸುವುದಿಲ್ಲವೆಂದು ಒಂದು ವರ್ಷ ಮೊದಲೇ ಸಾರಿದ್ದ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಕ್ಷಿಪಣಿ ದಾಳಿಗೆ ಸಿದ್ಧರಾದರು. ಆದರೆ ಬ್ರಿಟನ್ನಿನ ಸಂಸತ್ತು ಆಗಸ್ಟ್ 29ರಂದು 285-272 ಮತಗಳಿಂದ ಹಿಂದೆ ಸರಿದದ್ದರಿಂದ ಅವರೂ ತಮ್ಮ ಸಂಸತ್ತಿನ ಒಪ್ಪಿಗೆ ಕೇಳಲು ನಿರ್ಧರಿಸಿದರು. ಈ ನಡುವಿನ ಬಿಡುವಿನಲ್ಲಿ, ಸೆಪ್ಟೆಂಬರ್ 9ರಂದು, ಲಂಡನ್ನಿನಲ್ಲಿ ಪತ್ರಕರ್ತೆಯೊಬ್ಬರ ಪ್ರಶ್ನೆಗೆ ಉತ್ತರಿಸುತ್ತ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ, ಸಿರಿಯಾದ ಅಧ್ಯಕ್ಷ ಅಸಾದ್ ತಮ್ಮ ರಾಸಾಯನಿಕ ಅಸ್ತ್ರಗಳನ್ನೆಲ್ಲ ವಾರದೊಳಗೆ ಒಪ್ಪಿಸಿದರೆ ದಾಳಿ ತಪ್ಪೀತು, ಆದರೆ ಅದು ಆಗುವ ಮಾತಲ್ಲ ಎಂಬರ್ಥದಲ್ಲಿ ಮಾತನಾಡಿದರು. ರಷ್ಯಾದ ವಿದೇಶಾಂಗ ಸಚಿವ ಸೆರ್ಗೆಯ್ ಲಾವ್ರೊವ್ ಅಂದೇ ಅದನ್ನು ಪ್ರಸ್ತಾವವಾಗಿ ಎತ್ತಿಕೊಂಡರು. ಐದೇ ದಿನಗಳಲ್ಲಿ ಜಿನೀವಾದಲ್ಲಿ ಇಬ್ಬರೂ ಒಂದು ಚೌಕಟ್ಟಿಗೆ ಒಪ್ಪಿದರು, ಸಿರಿಯಾ ರಾಸಾಯನಿಕ ಅಸ್ತ್ರ ನಿಷೇಧ ಒಡಂಬಡಿಕೆಗೆ ಸೇರಿತು, ಸೆಪ್ಟೆಂಬರ್ 27ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2118ನೇ ನಿರ್ಣಯದ ಮೂಲಕ ಆ ಚೌಕಟ್ಟಿಗೆ ಕಾನೂನಿನ ಬಲ ಕೊಟ್ಟಿತು.

ಈ ಒಪ್ಪಂದವನ್ನು ದುರ್ಬಲರ ಹಿಂಜರಿಕೆಯೆಂದು ಟೀಕಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ವಾದದ ಹಿಂದಿನ ನೋವು ನಿಜವಾದದ್ದು; ಆದರೆ ದಾಳಿಯೂ ನಿಶ್ಶಸ್ತ್ರೀಕರಣವೂ ಒಂದೇ ಕೆಲಸ ಮಾಡುವ ಎರಡು ದಾರಿಗಳು ಎಂಬ ಅವರ ಗ್ರಹಿಕೆ ತಪ್ಪು. ಕ್ಷಿಪಣಿ ವಿಮಾನನೆಲೆಯನ್ನು ಒಡೆಯಬಲ್ಲದು, ಅರಸನನ್ನು ಹೆದರಿಸಬಲ್ಲದು, ವಿಷವನ್ನು ಮಾತ್ರ ನಾಶ ಮಾಡಲಾರದು. 1991ರ ಮಾರ್ಚ್‌ನಲ್ಲಿ ಇರಾಕಿನ ಖಮಿಸಿಯಾ ಎಂಬಲ್ಲಿ ಅಮೆರಿಕದ ಸೈನಿಕರು ಮದ್ದುಗುಂಡಿನ ಉಗ್ರಾಣವೊಂದನ್ನು ಸ್ಫೋಟಿಸಿದಾಗ ಅದರಲ್ಲಿದ್ದ ಸಾರಿನ್ ರಾಕೆಟ್‌ಗಳೂ ಸಿಡಿದವು, ತಮ್ಮ ಸಾವಿರಾರು ಸೈನಿಕರಿಗೇ ಆ ವಿಷ ಸೋಕಿರಬಹುದೆಂದು ಅಮೆರಿಕ ವರ್ಷಗಳ ನಂತರ ಒಪ್ಪಿಕೊಳ್ಳಬೇಕಾಯಿತು. ಇಂಥ ದಾಸ್ತಾನನ್ನು ಇಲ್ಲವಾಗಿಸಬೇಕಾದರೆ ಯಾರಾದರೂ ಪಟ್ಟಿ ಹಿಡಿದು ಉಗ್ರಾಣದೊಳಗೆ ಕಾಲಿಡಲೇಬೇಕು; ಒಳಗೆ ಬಿಡುವ ಅಧಿಕಾರ ಇರುವುದು ಅದನ್ನು ಕೂಡಿಟ್ಟವನಿಗೇ.

ಆ ಕೆಲಸ ಹೇಗೆ ನಡೆಯಿತೆಂಬುದನ್ನು ಹತ್ತಿರದಿಂದ ನೋಡಬೇಕು. ಸಿರಿಯಾ ಘೋಷಿಸಿದ ಸುಮಾರು 1,300 ಟನ್ ರಾಸಾಯನಿಕಗಳಲ್ಲಿ ಹೆಚ್ಚಿನದು ಸಿದ್ಧ ಸಾರಿನ್ ಅಲ್ಲ, ಬಳಸುವ ಹೊತ್ತಿಗೆ ಬೆರೆಸಿ ಸಾರಿನ್ ಮಾಡಿಕೊಳ್ಳುವ ಬಿಡಿ ಘಟಕಗಳು. ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಪರಿವೀಕ್ಷಕರು ಅಂತರ್ಯುದ್ಧದ ನಡುವೆಯೇ ತಾಣದಿಂದ ತಾಣಕ್ಕೆ ಹೋಗಿ, ಅಕ್ಟೋಬರ್ ಮುಗಿಯುವ ಹೊತ್ತಿಗೆ ಘೋಷಿತ ತಯಾರಿಕಾ ಯಂತ್ರಗಳು ನಿಷ್ಪ್ರಯೋಜಕವಾದವೆಂದು ಖಚಿತಪಡಿಸಿದರು. ದಾಸ್ತಾನಿನ ಅತಿ ಅಪಾಯಕಾರಿ ಭಾಗವನ್ನು ತನ್ನ ನೆಲದಲ್ಲಿ ನಾಶ ಮಾಡಲು ಯಾವ ದೇಶವೂ ಮುಂದೆ ಬರಲಿಲ್ಲ. ಅಲ್ಬೇನಿಯಾದಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಅಲ್ಲಿನ ಸರ್ಕಾರವೂ ಒಲ್ಲೆನೆಂದಿತು. ಕೊನೆಗೆ ಲಟಾಕಿಯಾ ಬಂದರಿನಿಂದ ಡೆನ್ಮಾರ್ಕ್ ಮತ್ತು ನಾರ್ವೆಯ ಹಡಗುಗಳು ಸರಕನ್ನು ಹೊತ್ತವು, ಚೀನಾ ಮತ್ತು ರಷ್ಯಾದ ಯುದ್ಧನೌಕೆಗಳೂ ಬೆಂಗಾವಲಿಗೆ ಬಂದವು. ಅತಿ ಅಪಾಯಕಾರಿಯಾದ ಸುಮಾರು 600 ಟನ್ನುಗಳನ್ನು ಇಟಲಿಯ ಜೋಯಾ ಟಾವ್ರೊ ಬಂದರಿನಲ್ಲಿ ಅಮೆರಿಕದ ‘ಕೇಪ್ ರೇ’ ಹಡಗಿಗೆ ದಾಟಿಸಲಾಯಿತು. ಆ ಹಡಗಿನ ಒಡಲಲ್ಲಿ ಕೂರಿಸಿದ್ದ ಯಂತ್ರಗಳು ವಿಷವನ್ನು ನೀರಿನೊಡನೆ ಬೆರೆಸಿ ಅದರ ಅಣುಗಳನ್ನು ಒಡೆಯುತ್ತಿದ್ದವು. ಜಲವಿಭಜನೆ ಎಂದು ಕರೆಯುವ ಈ ಕ್ರಿಯೆ ಮೆಡಿಟರೇನಿಯನ್ ಸಮುದ್ರದ ಮೇಲೆ ವಾರಗಟ್ಟಲೆ ನಡೆದು 2014ರ ಆಗಸ್ಟ್‌ನಲ್ಲಿ ಮುಗಿಯಿತು, ಉಳಿದ ತ್ಯಾಜ್ಯ ಫಿನ್ಲೆಂಡ್ ಮತ್ತು ಜರ್ಮನಿಗೆ ಹೋಯಿತು. ಅಷ್ಟು ವಿಷ ಮುಂದೆಂದೂ ಯಾವ ಮಗುವಿನ ಶ್ವಾಸಕೋಶಕ್ಕೂ ಇಳಿಯಲಾರದು ಎಂಬುದು ಯಾವ ಟೀಕೆಯಿಂದಲೂ ಚಿಕ್ಕದಾಗದ ಸಾಧನೆ.

ಹಾಗಿದ್ದೂ ಸಿರಿಯಾ ಕೊಟ್ಟ ಪಟ್ಟಿ ಪೂರ್ಣವಾಗಿರಲಿಲ್ಲ. 2017ರ ಏಪ್ರಿಲ್ 4ರಂದು ಖಾನ್ ಶೇಖೂನ್ ಪಟ್ಟಣದ ಮೇಲೆ ಮತ್ತೆ ಸಾರಿನ್ ಬಿತ್ತು. ನೀರು ಶುದ್ಧೀಕರಣಕ್ಕೆ ಎಲ್ಲೆಡೆ ಬೇಕಾಗುವ ಕಾರಣ ಯಾರೂ ಸಂಪೂರ್ಣ ನಿಷೇಧಿಸಲಾಗದ ಕ್ಲೋರಿನ್ನನ್ನು ಸಿಲಿಂಡರುಗಳಲ್ಲಿ ತುಂಬಿ ಊರುಗಳ ಮೇಲೆ ಎಸೆಯುವುದೂ ನಡೆಯಿತು. ಅಮೆರಿಕ 2017ರಲ್ಲಿ ಶಯ್ರಾತ್ ವಿಮಾನನೆಲೆಯ ಮೇಲೆ 59 ಕ್ಷಿಪಣಿಗಳನ್ನು ಹಾರಿಸಿತು, ಮರುವರ್ಷ ಡೌಮಾ ಪಟ್ಟಣದ ಮೇಲಿನ ವಿಷಾನಿಲ ದಾಳಿಯ ನಂತರ ಬ್ರಿಟನ್, ಫ್ರಾನ್ಸ್‌ಗಳೊಡನೆ ಸೇರಿ ಮತ್ತೊಮ್ಮೆ ದಾಳಿ ಮಾಡಿತು. ಶಯ್ರಾತ್ ದಾಳಿಯಾದ ಒಂದೇ ವರ್ಷಕ್ಕೆ ಡೌಮಾದ ದುರಂತ ನಡೆಯಿತು ಎಂಬ ಸಂಗತಿಯೇ, ದಾಳಿ ಮಾಡಿದ್ದರೆ ಸಾಕಾಗುತ್ತಿತ್ತು ಎಂಬ ವಾದಕ್ಕೆ ಉತ್ತರ.

ಬೆದರಿಕೆಯಿಲ್ಲದೆ ಅಸಾದ್ ಒಂದು ಪೀಪಾಯಿಯನ್ನೂ ಬಿಟ್ಟುಕೊಡುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಬೆದರಿಕೆ ಹಾಕಿದವನಿಗೆ ಒಪ್ಪಂದವೂ ಬೇಕಾಗಿರಬೇಕು, ಎದುರಾಳಿಗೆ ಮಣಿದು ಉಳಿಯುವ ದಾರಿಯೂ ಇರಬೇಕು. 2002ರಲ್ಲಿ ಇರಾಕಿನ ವಿಷಯದಲ್ಲಿ ಇವೆರಡೂ ಇರಲಿಲ್ಲ. ಆಗ ಇದೇ ನಿಷೇಧ ಸಂಸ್ಥೆಯ ಮಹಾನಿರ್ದೇಶಕರಾಗಿದ್ದ ಬ್ರೆಜಿಲ್‌ನ ಜೋಸೆ ಬುಸ್ತಾನಿ ಇರಾಕನ್ನು ಒಡಂಬಡಿಕೆಗೆ ಸೇರಿಸಿ ಪರಿವೀಕ್ಷಣೆಗೆ ಒಳಪಡಿಸಲು ಯತ್ನಿಸುತ್ತಿದ್ದರು; ಅಮೆರಿಕ ಮುಂದೆ ನಿಂತು ಏಪ್ರಿಲ್‌ನಲ್ಲಿ ಅವರನ್ನು ಹುದ್ದೆಯಿಂದ ಇಳಿಸಿತು. ಆ ವಜಾ ಕಾನೂನುಬಾಹಿರವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನ್ಯಾಯಮಂಡಳಿ ಮರುವರ್ಷ ತೀರ್ಪು ಕೊಡುವ ಹೊತ್ತಿಗೆ ಯುದ್ಧ ಶುರುವಾಗಿಹೋಗಿತ್ತು, ಅದಕ್ಕೆ ನೆಪವಾಗಿದ್ದ ದಾಸ್ತಾನುಗಳು ಕೊನೆಗೂ ಸಿಗಲಿಲ್ಲ.

ಸಿರಿಯಾ ಒಪ್ಪಂದದ ನಿಜವಾದ ಕುಂದು ಬೇರೆಡೆಯಿದೆ. ಅದು ಅಸ್ತ್ರವನ್ನು ಹಿಡಿಯಿತು, ಅಸ್ತ್ರ ಬಳಸಿದವನನ್ನು ಬಿಟ್ಟಿತು. ತಪ್ಪಿತಸ್ಥರಿಗೆ ಶಿಕ್ಷೆಯಾಗಬೇಕೆಂಬ ಆಶಯ 2118ನೇ ನಿರ್ಣಯದಲ್ಲಿದ್ದರೂ ವಿಚಾರಣೆಯ ದಾರಿಯನ್ನು ಅದು ತೋರಿಸಲಿಲ್ಲ. ಒಪ್ಪಂದ ಮುರಿದರೆ ನಿರ್ಬಂಧ ಹೇರಲು ಮಂಡಳಿ ಮತ್ತೆ ಮತ ಹಾಕಬೇಕಿತ್ತು, ಅಲ್ಲಿ ರಷ್ಯಾಕ್ಕೆ ತಡೆಯೊಡ್ಡುವ ವೀಟೊ ಅಧಿಕಾರವಿತ್ತು. ಹೊಣೆಗಾರರನ್ನು ಗುರುತಿಸಲು ನೇಮಕವಾದ ಜಂಟಿ ತನಿಖಾ ವ್ಯವಸ್ಥೆ ಖಾನ್ ಶೇಖೂನ್ ಕೃತ್ಯಕ್ಕೆ ಸಿರಿಯಾ ಸರ್ಕಾರವೇ ಕಾರಣವೆಂದು 2017ರ ಅಕ್ಟೋಬರ್‌ನಲ್ಲಿ ಹೇಳಿತು. ನವೆಂಬರ್‌ನಲ್ಲಿ ರಷ್ಯಾದ ವೀಟೊ ಆ ವ್ಯವಸ್ಥೆಯ ಆಯುಸ್ಸನ್ನೇ ಮುಗಿಸಿತು. ಮುಂದೆ ಇಂಥ ಒಪ್ಪಂದ ಬರೆಯುವವರು, ದಾಸ್ತಾನಿನ ಗಡುವಿನ ಜೊತೆಗೇ, ಯಾವ ಒಂದು ದೇಶವೂ ನಿಲ್ಲಿಸಲಾಗದ ತನಿಖೆಯ ವ್ಯವಸ್ಥೆಯನ್ನೂ ಅದರಲ್ಲಿ ಸೇರಿಸಬೇಕು. ದಾಳಿಯ ಭಯ ಇನ್ನೂ ಹಸಿಯಾಗಿರುವ ಮೊದಲ ವಾರಗಳಲ್ಲಲ್ಲದೆ ಆ ಷರತ್ತಿಗೆ ಎದುರಾಳಿಯ ಸಹಿ ಮತ್ತೆಂದೂ ದೊರೆಯದು. ಅಸಾದ್ 2024ರ ಡಿಸೆಂಬರ್‌ನಲ್ಲಿ ಪದಚ್ಯುತರಾದ ಮೇಲೆ ಹೊಸ ಆಡಳಿತ ಪರಿವೀಕ್ಷಕರಿಗೆ ಬಾಗಿಲು ತೆರೆದಿದ್ದು, ಹಿಂದೆ ಘೋಷಿಸದೆ ಮುಚ್ಚಿಟ್ಟ ತಾಣಗಳ ಹುಡುಕಾಟ ಈಗ ನಡೆಯುತ್ತಿದೆ.